ನಂಜಿನ ಪಟ್ಟಿಯಲ್ಲಿ ಇಲ್ಲದ ಬೀಡಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳನ್ನು ಒಂದೇ ಸೌಟಿನಿಂದ ಆಳಿದವನು ನಾರ್ವೆ ಹಳ್ಳಿಯ ಹರಿಹರ ಭಟ್ಟ. ಅವನ ಸೈನ್ಯದಲ್ಲಿ ನಾಲ್ವರು ಬಡಿಸುವವರು, ಇಬ್ಬರು ತರಕಾರಿ ಹೆಚ್ಚುವವರು, ಮತ್ತು ಹೊರಗಿನ ಒಲೆಗೆ ಸೌದೆ ಒಟ್ಟಿ, ಕುದಿಯುವ ಹಂಡೆಯನ್ನು ಎಳೆಮಗುವಿನ ಹಾಗೆ ಎತ್ತಿ ಇಳಿಸುವ ಬೂತಪ್ಪ. ಮುನ್ನೂರು ಎಲೆಯ ಮದುವೆ ಹರಿಹರನಿಗೆ ಬೆಳಗಿನ ಕಾಫಿ ಕಾಸಿದಷ್ಟೇ ಸಲೀಸು. ಸಾವಿರ ಎಲೆ ಅಂದರೆ ಮಾತ್ರ ಮೀಸೆ ಇಲ್ಲದ ತುಟಿಯ ಮೇಲೆ ಒಮ್ಮೆ ಬೆರಳಾಡಿಸುತ್ತಿದ್ದ. ವಯಸ್ಸು ಐವತ್ತೆರಡು. ಅವನು ಉಣ್ಣಿಸಿ ದಡ ಸೇರಿಸಿದ ಮದುವೆಗಳು ಆರುನೂರು ದಾಟಿದ್ದರೂ ಅವನದೊಂದು ಆಗಿರಲಿಲ್ಲ. ಯಾರಾದರೂ ಕನಿಕರಿಸಿದರೆ, ಲಾಡು ಕಟ್ಟುವವನಿಗೆ ಲಾಡಿನ ಆಸೆ ಇರುವುದಿಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದ.

ಈ ಸೀಮೆಯ ಪಂಕ್ತಿಗೆ ಒಂದು ಕ್ರಮವಿದೆ. ನೈವೇದ್ಯ ಆಗುವ ತನಕ ಅಡುಗೆಯವನು ಯಾವುದನ್ನೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಹಂಡೆಯಿಂದ ಏಳುವ ಆವಿಗೆ ಮೂಗೊಡ್ಡಿಯೇ ಉಪ್ಪು, ಹುಳಿ, ಖಾರದ ನ್ಯಾಯ ತೀರ್ಮಾನ ಮಾಡಬೇಕು. ಬಡಿಸುವವನು ಅಂಗಿ ತೊಡುವಂತಿಲ್ಲ. ಸೊಂಟಕ್ಕೆ ಪಂಚೆ, ಹೆಗಲಿಗೆ ಶಲ್ಯ, ಅಷ್ಟೆ. ಮತ್ತೆ, ಊಟದ ನಡುವೆ ಮುಖ್ಯ ಅಡುಗೆಯವನು ತನ್ನ ಹೆಸರು ಎತ್ತಿಹಿಡಿದ ಒಂದು ಪದಾರ್ಥವನ್ನು ಸ್ವತಃ ಹಿಡಿದು ಪಂಕ್ತಿಗೆ ಇಳಿಯುತ್ತಾನೆ. ಅದು ಅವನ ಪಟ್ಟಾಭಿಷೇಕ. ಉಂಡವರು ತಲೆಯೆತ್ತಿ ನೋಡುತ್ತಾರೆ, ಒಂದು ಮಾತು ಹೊಗಳುತ್ತಾರೆ, ಇನ್ನೊಂದು ಹಾಕಿಸಿಕೊಳ್ಳುತ್ತಾರೆ. ಹರಿಹರನ ಪದಾರ್ಥ ಬದನೆಕಾಯಿ ಎಣ್ಣೆಗಾಯಿ. ತೊಟ್ಟು ಕೀಳದ ಎಳೆ ಬದನೆ, ಒಳಗೆ ಹುರಿದ ಎಳ್ಳು ಮತ್ತು ಕೊಬ್ಬರಿಯ ಮಸಾಲೆ. ಈ ಒಂದು ಎಣ್ಣೆಗಾಯಿಗಾಗಿ ಮುಹೂರ್ತವನ್ನೇ ಹಿಂದೆ ಮುಂದೆ ಮಾಡಿದವರಿದ್ದಾರೆ.

ಇಂಥ ಚಕ್ರವರ್ತಿಯ ಮೊಣಕೈ ಮೇಲೆ ನಲವತ್ತನೆಯ ವಯಸ್ಸಿನಲ್ಲಿ ಒಂದು ಕೆಂಪು ಮಚ್ಚೆ ಎದ್ದಿತು. ಮೇಲೆ ಬೆಳ್ಳಿಯ ಹಾಗೆ ಹೊಟ್ಟು. ಕೆರೆದರೆ ಉದುರುತ್ತಿತ್ತು, ಉದುರಿದಲ್ಲೇ ಮತ್ತೆ ಏಳುತ್ತಿತ್ತು. ಎರಡು ವರ್ಷದಲ್ಲಿ ಬೆನ್ನು, ಮೂರು ವರ್ಷದಲ್ಲಿ ಹೊಕ್ಕುಳ ಸುತ್ತಮುತ್ತ.

ಆಗ ರಂಗಪ್ರವೇಶ ಮಾಡಿದವಳು ಅವನ ತಾಯಿ ವೆಂಕಮ್ಮ. ಎಂಬತ್ತರ ಹತ್ತಿರದ ಈ ಮುದುಕಿ ನಾರ್ವೆಯ ಸುತ್ತಿನ ಹತ್ತು ಹಳ್ಳಿಗೆ ನಂಜಿನ ಸುಪ್ರೀಂ ಕೋರ್ಟು. ಗಾಯ ಒಣಗದಿದ್ದರೆ, ಬಾಣಂತಿಗೆ ಮೈ ತುರಿಸಿದರೆ, ಕಾಲು ಬಾತರೆ, ಯಾವ ಪದಾರ್ಥ ನಂಜು, ಯಾವುದು ಅಲ್ಲ ಎಂದು ಅವಳೇ ಹೇಳಬೇಕು. ಅವಳು ಹೇಳಿದ ಮೇಲೆ ಮೇಲ್ಮನವಿ ಇಲ್ಲ. ಮಗನ ಮೊಣಕೈಯನ್ನು ಬಿಸಿಲಿಗೆ ಹಿಡಿದು ನೋಡಿ ಮೊದಲ ತೀರ್ಪು ಕೊಟ್ಟಳು: ಬದನೆಕಾಯಿ ಬಂದ್. ಮಚ್ಚೆ ದೊಡ್ಡದಾದಾಗ ಆಲೂಗಡ್ಡೆ ಬಂದ್. ಆಮೇಲೆ ಮೊಸರು, ಹುಳಿ, ಹಲಸು, ಉದ್ದು, ಕಡಲೆ, ಹೀಗೆ ಪಟ್ಟಿ ಬೆಳೆಯುತ್ತಾ ಹೋಯಿತು. ಬಾಳೆಹೊನ್ನೂರಿನ ಕಡೆಯ ಒಬ್ಬ ಔಷಧಿಯವರು ಸೌತೆಕಾಯಿಯನ್ನೂ ಸೇರಿಸಿದರು. ಒಟ್ಟು ಹದಿನಾಲ್ಕು. ಮರೆಯಬಾರದೆಂದು ವೆಂಕಮ್ಮ ಅದನ್ನು ಯಾರದೋ ಮದುವೆ ಕಾಗದದ ಹಿಂದೆ ಬರೆಸಿ ಮಗನ ಅಂಗಿಯ ಜೇಬಿಗೆ ಇಟ್ಟಳು.

ಹತ್ತು ವರ್ಷ ಹರಿಹರ ಈ ಪಥ್ಯವನ್ನು ಯೋಗಿಯ ಹಾಗೆ ಪಾಲಿಸಿದ. ತಾನು ಮಾಡಿದ ಎಣ್ಣೆಗಾಯಿಯನ್ನು ಮೂರು ತಾಲ್ಲೂಕು ಬೆರಳು ಚೀಪಿ ತಿನ್ನುತ್ತಿದ್ದಾಗ ಅವನೊಬ್ಬ ಹಂಡೆಯ ಪಕ್ಕ ತುಪ್ಪ ಅನ್ನ ಉಣ್ಣುತ್ತಿದ್ದ. ಆದರೆ ಹಸಿದ ಯೋಗಿಗೂ ಒಂದು ಆಸರೆ ಬೇಕಲ್ಲ. ಅದು ಬೀಡಿ. ಒಲೆಯ ಕೊಳ್ಳಿಯಿಂದಲೇ ಹೊತ್ತಿಸಿ, ಬೂತಪ್ಪನ ಜೊತೆ ಸೌದೆ ರಾಶಿಯ ಹಿಂದೆ ಕೂತು ಎಳೆಯುವ ಬೀಡಿ. ಒಂದು ಸಲ ಸಂಶಯ ಬಂದು ತಾಯಿಯನ್ನು ಕೇಳಿಯೂ ಇದ್ದ. ವೆಂಕಮ್ಮ ತನ್ನ ಅಜ್ಜಿಯ ಕಾಲದವರೆಗೆ ಹಿಂದೆ ಹೋಗಿ ಯೋಚಿಸಿದಳು. ಬೀಡಿ ನಂಜು ಎಂದು ಯಾರೂ ಹೇಳಿದ ನೆನಪಿಲ್ಲ.

"ಅದು ಹೊಟ್ಟೆಗೆ ಹೋಗುದಿಲ್ಲಲ್ಲ ಮಾಣಿ," ಎಂದಳು. "ಹೋಗುದು ಹೊಗೆ. ಹೊಗೆ ತಾಗಿದ್ರೆ ಅಡಿಕೆಯೇ ಒಣಗ್ತದೆ. ನಿನ್ನ ತುರಿ ಒಣಗದೆ ಇರ್ತದಾ?"

ಹೀಗೆ ಪಟ್ಟಿಯಲ್ಲಿ ಇಲ್ಲದ ಬೀಡಿ ದಿನಕ್ಕೊಂದು ಕಟ್ಟಿಗೆ ಏರಿತು. ಕಾಯಿ ಹೋಳಿಗೆಯೂ ಪಟ್ಟಿಯಲ್ಲಿ ಇರಲಿಲ್ಲ, ಮೂರು ಚಮಚ ಸಕ್ಕರೆಯ ಕಾಫಿಯೂ ಇರಲಿಲ್ಲ. ಬಿಟ್ಟ ಹದಿನಾಲ್ಕರ ಜಾಗವನ್ನು ಅವು ಮೂರೂ ಸೇರಿ ತುಂಬಿದವು. ಪಂಚೆಯ ಗಂಟು ವರ್ಷಕ್ಕೊಂದು ಬೆರಳಿನಂತೆ ಕೆಳಗೆ ಜಾರಿತು. ಮಚ್ಚೆಗಳು ಮಾತ್ರ ಸೊಂಪಾಗಿ ಬೆಳೆದವು.

ಕಳೆದ ಜನವರಿಯಲ್ಲಿ ಬಾಳೆಹೊನ್ನೂರಿನ ಒಂದು ಮದುವೆಯಲ್ಲಿ ಚಕ್ರವರ್ತಿಗೆ ಮೊದಲ ಸೋಲಾಯಿತು. ಎಣ್ಣೆಗಾಯಿಯ ಪಾತ್ರೆ ಹಿಡಿದು ಹರಿಹರ ಪಂಕ್ತಿಗೆ ಇಳಿದಿದ್ದ. ಸಾಲಿನ ನಡುವೆ ಕೊಪ್ಪದ ಅಡಿಕೆ ವ್ಯಾಪಾರಿ ವೆಂಕಟಯ್ಯ ಕೂತಿದ್ದರು. ಈ ಸೀಮೆಯಲ್ಲಿ ಅವರು ಕೆಮ್ಮಿದರೆ ನಾಲ್ಕು ಜನ ಶಾಲು ಹೊದೆಯುತ್ತಾರೆ, ಅಂಥ ಮನುಷ್ಯ. ಹರಿಹರ ಅವರ ಎಲೆಯ ಮೇಲೆ ಬಾಗಿದ. ಇಷ್ಟು ವರ್ಷ ಮೊಣಕೈ ತನಕ ಹೊದ್ದು ಮಚ್ಚೆ ಮುಚ್ಚಿಕೊಂಡಿದ್ದ ಶಲ್ಯ ಜಾರಿತು. ವೆಂಕಟಯ್ಯನವರ ಕಣ್ಣು ಅವನ ಮೊಣಕೈಗೆ ಹೋಯಿತು, ಅಲ್ಲಿಂದ ಹೊಕ್ಕುಳಿಗೆ ಬಂತು. ಎರಡೂ ಕೈಯನ್ನು ಅವರು ಎಲೆಗೆ ಅಡ್ಡ ಹಿಡಿದರು. ಸಾಕು ಅನ್ನುವವರು ಹಿಡಿಯುವುದು ಒಂದು ಕೈ, ಅದೂ ನಗುತ್ತಾ. ಇದು ಎರಡು ಕೈ, ಅದೂ ಉಸಿರು ಬಿಗಿಹಿಡಿದು. ಪಕ್ಕದವರು ನೋಡಿದರು. ಅವರೂ ಹಿಡಿದರು. ಸಾಲಿನ ತುದಿಯವರೆಗೆ ಹದಿನೇಳು ಎಲೆಗಳು ಹೀಗೆ ಮುಚ್ಚಿಕೊಂಡವು. ತುಂಬಿದ ಪಾತ್ರೆ ಒಳಗೆ ವಾಪಸು ಬಂದದ್ದು ಅವನ ಜೀವಮಾನದಲ್ಲಿ ಅದೇ ಮೊದಲು.

ತಮಾಷೆ ಎಂದರೆ, ವೆಂಕಟಯ್ಯನವರ ಮಗಳು ಅರ್ಪಣಾಳ ಮದುವೆ ಮೇ ತಿಂಗಳಲ್ಲಿ ನಿಶ್ಚಯವಾಗಿತ್ತು, ಅಡುಗೆಗೆ ಹರಿಹರನಿಗೇ ವೀಳ್ಯ ಕೊಟ್ಟೂ ಆಗಿತ್ತು. ಅವರು ವೀಳ್ಯ ಹಿಂದೆ ಕೇಳಲಿಲ್ಲ, ಹೇಳಿ ಕಳಿಸಿದ್ದು ಇಷ್ಟೆ: ಅಡುಗೆ ನೀನೇ ಮಾಡು, ಪಂಕ್ತಿಗೆ ಮಾತ್ರ ಬರಬೇಡ.

ಹರಿಹರನಿಗೆ ಉರಿದುಹೋಯಿತು. ಒಬ್ಬರು ಹೀಗೆ ಹೇಳಿದರೆ ನಾಳೆ ಎಲ್ಲರೂ ಹೇಳುತ್ತಾರೆ. ಮುಂದಿನ ವರ್ಷದ ಹೊತ್ತಿಗೆ ತಾನು ಪರದೆಯ ಹಿಂದಿನ ಕೈ, ಅಷ್ಟೆ. ಸೌಟು ಇರುತ್ತದೆ, ಸಿಂಹಾಸನ ಇರುವುದಿಲ್ಲ. ಅವನು ಒಂದು ಉಪಾಯ ಮಾಡಿದ. ಇದು ಅಂಟುರೋಗ ಅಲ್ಲ ಎಂದು ಸರ್ಕಾರಿ ಸೀಲು ಹೊಡೆದ ಕಾಗದ ತಂದು ವೆಂಕಟಯ್ಯನವರ ಮೂಗಿಗೆ ಹಿಡಿಯುವುದು. ಕೊಪ್ಪದ ಆಸ್ಪತ್ರೆಗೆ ಅವನು ಹೋದದ್ದು ರೋಗ ವಾಸಿ ಮಾಡಿಸಿಕೊಳ್ಳಲು ಅಲ್ಲವೇ ಅಲ್ಲ, ಸೀಲಿಗೆ.

ಅಲ್ಲಿ ಡಾಕ್ಟರ್ ಶಿವಾನಿ ಕೂತಿದ್ದರು. ಮೂವತ್ತೂ ಆಗಿರದ ಸಣ್ಣ ಜೀವ, ಆದರೆ ಕಣ್ಣು ವೆಂಕಮ್ಮನ ಹಾಗೆ, ಮೇಲ್ಮನವಿಗೆ ಅವಕಾಶ ಕೊಡದ್ದು. ಮಚ್ಚೆ ನೋಡಿ, ಇದು ಸೋರಿಯಾಸಿಸ್, ಮುಟ್ಟಿದರೂ ಅಂಟುವುದಿಲ್ಲ, ಇವರ ಕೈಯಡುಗೆ ತಿಂದರೂ ಅಂಟುವುದಿಲ್ಲ ಎಂದು ಆಗಲೇ ಬರೆದು ಸಹಿ ಹಾಕಿ ಸೀಲು ಒತ್ತಿಕೊಟ್ಟರು. ಹರಿಹರ ದಿಗ್ವಿಜಯ ಮುಗಿಯಿತೆಂದು ಏಳುವಷ್ಟರಲ್ಲಿ ಕೂತ್ಕೊಳ್ಳಿ ಎಂದರು. ಮೇಜಿನ ಖಾನೆಯಿಂದ ದರ್ಜಿಯ ಟೇಪು ತೆಗೆದು ಅವನ ಹೊಟ್ಟೆ ಸುತ್ತಿದರು. ನೂರಾ ಆರು ಸೆಂಟಿಮೀಟರ್. ಬೀಪಿ ನೋಡಿದರು, ರಕ್ತ ತೆಗೆಸಿದರು. ಚರ್ಮಕ್ಕೆ ಬಂದವನ ಹೊಟ್ಟೆ ಅಳೆಯುವುದು ಯಾವ ಶಾಸ್ತ್ರ ಎಂದು ಹರಿಹರ ಜಗಳಕ್ಕೇ ನಿಂತ.

ರಿಪೋರ್ಟು ಬಂದ ಮೇಲೆ ಅವರು ವಿವರಿಸಿದರು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಒಂದು ಕಾಲು, ಬೀಪಿ ಏರಿದೆ, ರಕ್ತದಲ್ಲಿ ಕೊಬ್ಬು ಏರಿದೆ. ಈ ರೋಗ ಚರ್ಮದ್ದು ಮಾತ್ರ ಅಲ್ಲ. ಇದು ಇದ್ದವರಿಗೆ ಹೊಟ್ಟೆ, ಸಕ್ಕರೆ, ಬೀಪಿ, ಹೃದಯದ ತೊಂದರೆ ಉಳಿದವರಿಗಿಂತ ಹೆಚ್ಚಾಗಿ ಬರುತ್ತವೆ.

"ನಿಮಗೆ ಅರ್ಥ ಆಗೋ ಹಾಗೆ ಹೇಳ್ತೀನಿ ಭಟ್ರೇ. ಮೇಲೆ ಕಾಣ್ತಿರೋದು ಪಾತ್ರೆಗೆ ಹತ್ತಿದ ಮಸಿ. ಒಲೆ ಉರೀತಿರೋದು ಒಳಗೆ. ಅದಕ್ಕೆ ನೀವು ದಿನಾ ಸೌದೆ ಹಾಕ್ತಿದ್ದೀರಿ. ಬೀಡಿ ಎಷ್ಟು ಸೇದ್ತೀರಿ?"

"ಒಂದು ಕಟ್ಟು."

"ವಾರಕ್ಕಾ?"

"ಮದುವೆ ಇದ್ದ ದಿನ ಒಂದೂವರೆ."

ಅವರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಹರಿಹರ ಎದೆಯುಬ್ಬಿಸಿ ಜೇಬಿನಿಂದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. ತಾನೇನು ಕಂಡ ಕಂಡದ್ದು ತಿನ್ನುವ ಮನುಷ್ಯ ಅಲ್ಲ, ಹತ್ತು ವರ್ಷದ ಪಥ್ಯ, ಹದಿನಾಲ್ಕು ನಂಜು, ಬೀಡಿ ಇದರಲ್ಲಿ ಇಲ್ಲ, ಬೇಕಾದರೆ ತಾಯಿಯನ್ನೇ ಕೇಳಿ ಎಂದ. ಡಾಕ್ಟರು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು.

"ಬದನೆಕಾಯಿ ಎಂತ ಮಾಡಿತ್ತು ಪಾಪ," ಎಂದರು. ಪೆನ್ನು ತೆಗೆದು ಹದಿನಾಲ್ಕನ್ನೂ ಒಂದೊಂದಾಗಿ ಹೊಡೆದುಹಾಕಿದರು. ಕೆಳಗೆ ದಪ್ಪಗೆ ಬೀಡಿ ಎಂದು ಬರೆದರು. ಅದರ ಕೆಳಗೆ, ಸಣ್ಣದಾಗಿ, ಸಕ್ಕರೆ, ಹೋಳಿಗೆ.

"ಬೀಡಿ ಬಿಟ್ರೆ ಮಚ್ಚೆ ಹೋಗ್ತದಾ?"

"ಗ್ಯಾರಂಟಿ ಕೊಡೂದಿಲ್ಲ. ಮುಲಾಮು ಬರ್ಕೊಡ್ತೀನಿ, ಶಿವಮೊಗ್ಗದಲ್ಲಿ ಚರ್ಮದ ಡಾಕ್ಟ್ರನ್ನೂ ನೋಡಿ. ಕಡಿಮೆ ಆಗ್ಬಹುದು, ಆಗದೆಯೂ ಇರ್ಬಹುದು. ಆದ್ರೆ ಸೌಟು ಹಿಡ್ಕೊಂಡೇ ಎದೆ ಹಿಡ್ಕೊಂಡು ಬೀಳೋ ಸಂಭವ ಕಡಿಮೆ ಆಗ್ತದೆ."

ಹಾಗಾದರೆ ಕಾಗದ ವಾಪಸು ಕೊಡಬೇಕಾ ಎಂದು ಹರಿಹರ ಅನುಮಾನದಿಂದ ಕೇಳಿದ. ಕಾಗದ ಬೇರೆ, ಬೀಡಿ ಬೇರೆ ಎಂದು ಅವರು ಮುಂದಿನವರನ್ನು ಕರೆದರು. ಷರತ್ತು ಹಾಕಿದ್ದರೆ ಹರಿಹರ ಹಠಕ್ಕೆ ಬಿದ್ದು ಇನ್ನೂ ಎರಡು ಕಟ್ಟು ಸೇದುತ್ತಿದ್ದ. ಹಾಕಲಿಲ್ಲವಲ್ಲ, ಅದೇ ಅವನನ್ನು ಕೆಡಿಸಿತು. ಬಸ್ ಸ್ಟ್ಯಾಂಡಿನ ತನಕ ನಡೆಯುವಾಗ ಅವನ ತಲೆಯಲ್ಲಿ ಒಂದೇ ವಿಷಯ: ಹತ್ತು ವರ್ಷ ನಿರಪರಾಧಿ ಬದನೆಕಾಯಿಯನ್ನು ಗಡೀಪಾರು ಮಾಡಿ, ಕಳ್ಳನನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ. ತಾನು ಮೋಸ ಹೋದೆ ಎನ್ನುವ ಸಿಟ್ಟಿಗೆ ಸಮನಾದ ಔಷಧಿ ಇನ್ನೊಂದಿಲ್ಲ. ಊರಿಗೆ ಬಂದವನೇ ಉಳಿದ ಹನ್ನೊಂದು ಬೀಡಿಯನ್ನು ಬೂತಪ್ಪನ ಕೈಗೆ ಹಾಕಿದ.

"ನೀವು ಬಿಟ್ರೆ ನಂಗೆ ಜೊತೆ ಯಾರು ಭಟ್ರೇ?" ಎಂದು ಬೂತಪ್ಪ ವಿಧವೆಯ ಮುಖ ಮಾಡಿದ.

ಯುದ್ಧ ಶುರುವಾಯಿತು. ಬೀಡಿ ಎಂಬ ವೈರಿ ಬೆಳಗ್ಗೆ ಕಾಫಿಯ ಹೊತ್ತಿಗೆ ಮೊದಲ ದಾಳಿ ಮಾಡುತ್ತಿತ್ತು, ಸಾರಿಗೆ ಒಗ್ಗರಣೆ ಬಿದ್ದ ಕೂಡಲೇ ಎರಡನೆಯದು. ನೈವೇದ್ಯಕ್ಕೆ ಮುಂಚೆ ಲವಂಗ ಅಗಿಯುವಂತಿಲ್ಲ, ಏಲಕ್ಕಿ ಹಾಕಿಕೊಳ್ಳುವಂತಿಲ್ಲ. ಹರಿಹರ ಕಂಡುಕೊಂಡ ಆಯುಧ ತೆಂಗಿನಕಾಯಿ. ಆಸೆ ಎದ್ದಾಗಲೆಲ್ಲ ಒಂದು ಕಾಯಿ ಒಡೆದು ತುರಿಯಲು ಕೂರುತ್ತಿದ್ದ. ತುರಿದು ಮುಗಿಯುವಷ್ಟರಲ್ಲಿ ಆಸೆ ತಣ್ಣಗಾಗುತ್ತಿತ್ತು. ಆ ವರ್ಷ ಫಾಲ್ಗುಣದಲ್ಲಿ ನಡೆದ ಮದುವೆಗಳ ಪಲ್ಯದಲ್ಲಿ ತರಕಾರಿಯನ್ನು ಹುಡುಕಿ ತಿನ್ನಬೇಕಾಗಿತ್ತು. ಕಾಯಿ ಇಷ್ಟು ಬೇಗ ಖಾಲಿ ಆದದ್ದು ಹೇಗೆ ಎಂದು ಮೂರು ಮನೆಯವರು ಕೇಳಿದರು. ನರಸಿಂಹರಾಜಪುರದ ಒಂದು ಉಪನಯನದಲ್ಲಿ ಕಾಯಿಯೂ ಮುಗಿದು, ಸೈನ್ಯವೂ ಚದುರಿ, ಎರಡು ಬೀಡಿಗೆ ಶರಣಾಗತನಾದ. ಮರುವಾರ ಡಾಕ್ಟರ ಮುಂದೆ ಒಪ್ಪಿಕೊಂಡ. ಅವರು ಬೈಯಲಿಲ್ಲ, ಮೂರನೆಯದನ್ನು ಯಾಕೆ ಸೇದಲಿಲ್ಲ ಎಂದು ಕೇಳಿದರು. ಬಾಯಿ ಕಹಿಯಾಯಿತು ಎಂದ. ಹಾಗಾದರೆ ಗೆಲ್ಲುತ್ತಿದ್ದೀರಿ ಎಂದರು.

ಇಪ್ಪತ್ತೈದನೆಯ ದಿನಕ್ಕೋ ಏನೋ, ಹುಳಿಯ ಹಂಡೆಯ ಮೇಲೆ ಬಾಗಿದ ಹರಿಹರ ಹಾಗೇ ನಿಂತುಬಿಟ್ಟ. ಇಂಗು ವಿಪರೀತ ಹೆಚ್ಚಾಗಿದೆ. ಬೂತಪ್ಪನನ್ನು ಕರೆದು ಇವತ್ತು ಇಂಗಿನ ಡಬ್ಬಿ ಯಾರು ಮುಟ್ಟಿದರು ಎಂದು ಕೇಳಿದ. ಬೂತಪ್ಪ ನೆಲ ನೋಡುತ್ತಾ, ಎರಡು ವರ್ಷದಿಂದ ನೀವು ಹಾಕುವುದೇ ಅಷ್ಟು, ಜನ ಮಾತಾಡಿಕೊಳ್ಳುತ್ತಿದ್ದರು, ನಿಮಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ ಎಂದ. ಮೂಗೇ ತಕ್ಕಡಿಯಾದ ಮನುಷ್ಯನ ತಕ್ಕಡಿಯನ್ನು ಬೀಡಿ ಕದ್ದು, ಅವನಿಗೇ ತಿಳಿಯದ ಹಾಗೆ ನೋಡಿಕೊಂಡಿತ್ತು. ಅವತ್ತಿನಿಂದ ಹರಿಹರನಿಗೆ ತೆಂಗಿನಕಾಯಿ ಬೇಕಾಗಲಿಲ್ಲ.

ಮನೆಯ ಯುದ್ಧ ಬೇರೆ. ಹೊಡೆದುಹಾಕಿದ ಪಟ್ಟಿಯನ್ನು ನೋಡಿ ವೆಂಕಮ್ಮ ಎರಡು ದಿನ ಮಗನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಅವನು ಮನೆಯಲ್ಲೇ ಎಣ್ಣೆಗಾಯಿ ಮಾಡಿ ತನ್ನ ಎಲೆಗೆ ನಾಲ್ಕು ಹಾಕಿಕೊಂಡ. ನಂಜು ಏರಿ ಮೈಯೆಲ್ಲ ಒಡೆಯುವುದನ್ನು ನೋಡಲು ಅವಳು ಕುರ್ಚಿ ಹಾಕಿ ಕೂತಳು. ಬೆಳಗ್ಗೆ ಸಂಜೆ ಬೆನ್ನು ತಿರುಗಿಸಿ ತಪಾಸಣೆ. ಒಂದು ವಾರವಾಯಿತು, ಮಚ್ಚೆ ಇದ್ದಷ್ಟೇ ಇತ್ತು. ಎಂಟನೆಯ ದಿನ ಮಧ್ಯಾಹ್ನ ಅವಳು ತಟ್ಟೆಯನ್ನು ಸರಿಸಿ, ತನಗೂ ಒಂದು ಹಾಕು ಎಂದಳು. ಮಗ ಬಿಟ್ಟದ್ದನ್ನು ತಾನು ಹೇಗೆ ತಿನ್ನುವುದು ಎಂದು ಅವಳೂ ಹತ್ತು ವರ್ಷದಿಂದ ಬದನೆಕಾಯಿ ಮುಟ್ಟಿರಲಿಲ್ಲ. ಅದು ಹರಿಹರನಿಗೆ ಗೊತ್ತಾದದ್ದು ಆಗಲೇ. ಅವನು ಎರಡು ಹಾಕಿದ.

ಮೇ ತಿಂಗಳ ಹೊತ್ತಿಗೆ ಸಕ್ಕರೆ ಇಲ್ಲದ ಕಾಫಿ, ದಿನಾ ಬಸ್ಸಿನಿಂದ ಎರಡು ಸ್ಟಾಪು ಮೊದಲೇ ಇಳಿದು ನಡಿಗೆ, ಬೀಪಿಗೆ ಒಂದು ಮಾತ್ರೆ. ಟೇಪು ನೂರಾ ಒಂದಕ್ಕೆ ಬಂತು. ಬೆನ್ನಿನ ಮಚ್ಚೆ ಮುಲಾಮಿಗೆ ಸ್ವಲ್ಪ ಮಣಿಯಿತು. ಮೊಣಕೈ, ಹೊಕ್ಕುಳಿನವು ಮಾತ್ರ ಹಠ ಬಿಡಲಿಲ್ಲ. ಯಜಮಾನನ ಮಚ್ಚೆಗಳಲ್ಲವೇ.

ಮದುವೆಯ ಹಿಂದಿನ ದಿನ ಕೊಪ್ಪದ ಕಲ್ಯಾಣ ಮಂಟಪದಲ್ಲಿ ಹರಿಹರ ಸೀಲಿನ ಕಾಗದವನ್ನು ವೆಂಕಟಯ್ಯನವರ ಕೈಗಿಟ್ಟ. ಅವರು ಕನ್ನಡಕ ಹಾಕಿ ಎರಡು ಸಲ ಓದಿದರು.

"ಕಾಗದ ಸರಿ ಮಾರಾಯ. ನಾಲ್ಕುನೂರು ಜನಕ್ಕೆ ಓದಿ ಹೇಳೂದು ಯಾರು?" ಎಂದು ಒಂದು ಪ್ಯಾಕೆಟ್ ಕೊಟ್ಟರು. ಒಳಗೆ ತುಂಬು ತೋಳಿನ ಹೊಸ ಬನಿಯನ್. ಬರಲೇಬೇಕು ಅಂತಿದ್ದರೆ ಇದನ್ನು ಹಾಕಿಕೊಂಡು ಬಾ, ಶಾಸ್ತ್ರ ಸ್ವಲ್ಪ ಆಚೀಚೆ ಆದರೂ ತೊಂದರೆ ಇಲ್ಲ ಎಂದರು.

"ಬದನೆಕಾಯಿ ತುಂಬೂದು ಯಾವ ಕೈ?" ಎಂದ ಹರಿಹರ.

"ನಿಂದೇ."

"ಅಂಟೂದಾದ್ರೆ ಒಳಗೇ ಅಂಟಿ ಆಗಿರ್ತದಲ್ಲ. ನಿಮಗೆ ನನ್ನ ಕೈ ಬೇಕು, ಮೊಣಕೈ ಬೇಡ. ಅದೆರಡು ಒಂದಕ್ಕೊಂದು ಹತ್ತಿಕೊಂಡಿದೆ ವೆಂಕಟಯ್ಯನವ್ರೇ, ನಾನು ಎಂತ ಮಾಡ್ಲಿ?"

ವೆಂಕಟಯ್ಯ ಕನ್ನಡಕ ತೆಗೆದು, ಕಾಗದವನ್ನು ಮಡಿಸಿ ಕೊಟ್ಟರು. ಪ್ಯಾಕೆಟ್ಟನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ಮೊದಲ ಪಂಕ್ತಿಯಲ್ಲಿ ಯಾವಾಗಲೂ ವಯಸ್ಸಾದವರು ಮತ್ತು ಬಸ್ಸು ಹಿಡಿಯುವವರು ಕೂರುತ್ತಾರೆ. ನಾರ್ವೆಯಿಂದ ಬಂದ ವೆಂಕಮ್ಮ ಹೆಂಗಸರ ಸಾಲಿನ ತಲೆಯಲ್ಲಿ ಕೂತಿದ್ದಳು. ಅನ್ನ, ಸಾರು, ಹುಳಿ ಸಾಗಿದವು. ಆಮೇಲೆ ಒಳಬಾಗಿಲಲ್ಲಿ ಹರಿಹರ ಕಾಣಿಸಿದ. ಬನಿಯನ್ ಇಲ್ಲ, ಹೆಗಲಿಗೆ ಶಲ್ಯವೂ ಇಲ್ಲ. ಅದನ್ನು ಸೊಂಟಕ್ಕೆ ಬಿಗಿದು ಕಟ್ಟಿದ್ದ. ಮಂಟಪದ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅವನ ಮೈಯ ಒಂದೊಂದು ಮಚ್ಚೆಯೂ ಬಿರುದಿನ ಹಾಗೆ ಹೊಳೆಯುತ್ತಿತ್ತು. ನೂರಿಪ್ಪತ್ತು ಜನರ ಕೈ ಎಲೆಯ ಮೇಲೇ ನಿಂತಿತು.

ಹರಿಹರ ದನಿ ಏರಿಸಲಿಲ್ಲ, ಸಾರು ಬೇಕಾ ಎಂದು ಕೇಳುವ ದನಿಯಲ್ಲೇ ಹೇಳಿದ. "ಇದು ಅಂಟೂದಿಲ್ಲ. ಬೀಡಿ ಬಿಟ್ಟು ಮೂರು ತಿಂಗಳಾಯ್ತು, ಬದನೆಕಾಯಿ ತಿನ್ನಲಿಕ್ಕೆ ಹಿಡಿದು ಮೂರು ತಿಂಗಳಾಯ್ತು. ನೀವು ಈಗ ಉಂಡದ್ದೆಲ್ಲ ಇದೇ ಕೈಯಿಂದ ಆದದ್ದು. ಬೇಡದವ್ರು ಈಗ್ಲೇ ಎಲೆ ಮುಚ್ಚಿ, ನಂಗೆ ಬಗ್ಗೋ ಕಷ್ಟ ತಪ್ತದೆ."

ಸಾಲಿನಲ್ಲಿ ಅಲ್ಲಲ್ಲಿ ಕೈಗಳು ಅಲುಗಾಡಿದವು. ಎರಡು ಎಲೆ ಮುಚ್ಚಿದವು. ಮೂರನೆಯದೂ ಮುಚ್ಚುವುದರಲ್ಲಿತ್ತು.

"ಮಾಣಿ," ಎಂದಳು ವೆಂಕಮ್ಮ. ಕಿವಿ ಮಂದವಾದವರ ದನಿ, ಮಂಟಪದ ಹೊರಗಿನ ಚಪ್ಪಲಿಗಳಿಗೂ ಕೇಳಿಸುವಂಥದ್ದು. "ಅಲ್ಲೆಂತ ಭಾಷಣ. ನಂಗೆ ಎರಡು ಹಾಕು. ಬದನೆಕಾಯಿ ನಂಜಲ್ಲ."

ಡಾಕ್ಟರ ಸೀಲು ಮಾಡದ ಕೆಲಸವನ್ನು ಈ ಮಾತು ಮಾಡಿತು. ನಂಜಿನ ಸುಪ್ರೀಂ ಕೋರ್ಟು ತನ್ನದೇ ತೀರ್ಪನ್ನು ಹಿಂದೆ ತೆಗೆದುಕೊಂಡದ್ದು ಚರಿತ್ರೆಯಲ್ಲೇ ಮೊದಲ ಸಲ. ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದು, ಹರಡಿ, ಗಂಡಸರ ಸಾಲನ್ನು ಮುಟ್ಟಿತು. ಮೂರನೆಯ ಎಲೆ ಮುಚ್ಚಲಿಲ್ಲ. ಮುಚ್ಚಿದ್ದ ಎರಡರಲ್ಲಿ ಒಂದು ತೆರೆಯಿತು. ಇನ್ನೊಬ್ಬರು ಮುಚ್ಚಿಕೊಂಡೇ ಇದ್ದರು. ಹರಿಹರ ಅವರ ಮುಂದೆ ಒಂದು ಗಳಿಗೆ ಹೆಚ್ಚೇ ನಿಂತು, ಪರಿಮಳ ಸರಿಯಾಗಿ ತಲುಪಿದೆ ಎಂದು ಖಾತ್ರಿಯಾದ ಮೇಲೆ ಮುಂದೆ ಹೋದ.

ಹೆಣ್ಣಿನ ತಂದೆ ಧಾರೆಯ ಉಪವಾಸ ಮುಗಿಸಿ ಕೂರುವುದು ಕಡೆಯ ಪಂಕ್ತಿಗೆ. ಮೂರು ಗಂಟೆ ದಾಟಿತ್ತು. ಬೆಳಗಿನಿಂದ ಬರೀ ನೀರಿನ ಮೇಲಿದ್ದ ವೆಂಕಟಯ್ಯ ಎಲೆಯ ಮುಂದೆ ಕೂತು, ಪಕ್ಕದವರ ಎಲೆಯಲ್ಲಿ ಎಣ್ಣೆ ಬಿಟ್ಟು ಹೊಳೆಯುವ ಬದನೆಕಾಯಿಯನ್ನು ನೋಡುತ್ತಿದ್ದರು. ಹರಿಹರ ಬಂದು ನಿಂತ. ಬಾಗಲಿಲ್ಲ.

ವೆಂಕಟಯ್ಯ ಅವನ ಹೊಕ್ಕುಳು ನೋಡಿದರು, ಪಾತ್ರೆ ನೋಡಿದರು. ಅವರ ಎರಡೂ ಕೈ ತೊಡೆಯ ಮೇಲೇ ಇದ್ದವು.

"ಎರಡು ಹಾಕು ಮಾರಾಯ," ಎಂದರು, ಮೆಲ್ಲಗೆ.

"ಎಂತ?"

"ಎರಡು ಹಾಕು ಅಂದೆ." ಈ ಸಲ ಇಡೀ ಸಾಲಿಗೆ ಕೇಳಿಸಿತು.

"ಒಂದೇ ಉಳಿದದ್ದು," ಎಂದು ಹರಿಹರ ಬಾಗಿ ಅದನ್ನು ಹಾಕಿದ. ಪಾತ್ರೆಯ ತಳದ ಮಸಾಲೆಯನ್ನೂ ಬಳಿದು ಹಾಕಿದ. ಅವನು ಕ್ರೂರಿಯಲ್ಲ.

ಒಳಗೆ ಬಂದಾಗ ಬೂತಪ್ಪ ಪಾಯಸದ ಹಂಡೆ ಇಳಿಸುತ್ತಿದ್ದ. ಹಂಡೆಯ ಕಾದ ಕಿವಿಗಳಿಗೆ ಅವನು ಸುತ್ತಿ ಹಿಡಿದದ್ದು ಪ್ಯಾಕೆಟ್ಟಿನಿಂದ ತೆಗೆದ ಹೊಸ ಬನಿಯನ್, ಒಂದು ಕಿವಿಗೆ ಒಂದು ತೋಳು.

"ಒಳ್ಳೆ ಬಟ್ಟೆ ಭಟ್ರೇ," ಎಂದ. "ಕೈ ಸ್ವಲ್ಪವೂ ಸುಡೂದಿಲ್ಲ."